ಎಡಕ್ಕೆ ಹೋಗದ ವಿಮಾನ

ಮನಾಮ, ಬಹರೈನ್
12 ಆಗಸ್ಟ್ 1984

ಹೇಮಾಕ್ಷಿಗೆ,

ನಾನು ಚೆನ್ನಾಗಿದ್ದೇನೆ. ಬಿಸಿಲು ಮಾತ್ರ ತಲೆಯ ಮೇಲೆ ದೋಸೆ ಕಾವಲಿ ಇಟ್ಟ ಹಾಗೆ. ಅಮ್ಮನ ಮಂಡಿನೋವಿಗೆ ಮುಲಾಮು, ಕುಶಲಾಳಿಗೆ ಬಣ್ಣದ ಪೆನ್ಸಿಲು, ಎರಡನ್ನೂ ಈಗ ಹೇಳಲಿರುವ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.

ಪೆಟ್ಟಿಗೆ ದೊಡ್ಡದು. ಹಡಗಿನಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿಂದ ಲಾರಿಯಲ್ಲಿ ಉರ್ವ ಮಾರ್ಕೆಟಿನ ನಿನ್ನ ಶರಬತ್ತಿನ ಅಂಗಡಿಗೆ ಬರುತ್ತದೆ. ಒಳಗಿರುವುದು ಗಾಜಿನ ಮುಚ್ಚಳದ ಒಂದು ಮೇಜು. ಗಾಜಿನ ಕೆಳಗೆ ಟಿ.ವಿ.ಯಂಥ ಪರದೆ. ಅದರಲ್ಲಿ ಆಕಾಶ, ನಕ್ಷತ್ರ, ಸಾಲುಗಟ್ಟಿ ಬರುವ ಶತ್ರುಗಳು. ಬಾವಿಗೆ ಇಣುಕಿದ ಹಾಗೆ ಮೇಲಿನಿಂದ ಬಗ್ಗಿ ನೋಡುತ್ತ ಆಡಬೇಕು. ಕೆಳಗಿನ ಅಂಚಿನಲ್ಲಿ ನಮ್ಮ ವಿಮಾನ. ಒಂದು ಕೋಲು ಇದೆ, ಅದನ್ನು ತಳ್ಳಿದರೆ ವಿಮಾನ ಎಡಕ್ಕೆ, ಬಲಕ್ಕೆ ಹೋಗುತ್ತದೆ. ಬಟನ್ ಒತ್ತಿದರೆ ಗುಂಡು ಹಾರುತ್ತದೆ. ನಾನು ಕೆಲಸ ಮಾಡುವ ಆಟದ ಹಾಲಿನಲ್ಲಿ ಇಂಥವು ತುಂಬಾ ಇದ್ದವು. ಈಗ ಹೊಸ ಮಾದರಿ ಬಂದದ್ದರಿಂದ ಯಜಮಾನ ಹಳೆಯವನ್ನು ಹೊರಗೆ ಹಾಕುತ್ತಿದ್ದಾನೆ. ಒಂದನ್ನು ನನಗೆ ಕೊಟ್ಟ. ಇನ್ನೂ ಎಂಟು ಗೋಡೌನಿನಲ್ಲಿ ಧೂಳು ತಿನ್ನುತ್ತಿವೆ, ಬೇಕಾದರೆ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗು ಎನ್ನುತ್ತಾನೆ.

ನನ್ನ ಯೋಚನೆ ಇದು. ಮುಂದಿನ ಮಾರ್ಚಿಗೆ ನನ್ನ ಕರಾರು ಮುಗಿಯುತ್ತದೆ. ಜನವರಿ ಕೊನೆಯೊಳಗೆ ಸಹಿ ಹಾಕಿದರೆ ಇನ್ನೆರಡು ವರ್ಷ ಇಲ್ಲೇ. ಇದುವರೆಗೆ ನಾಲ್ಕು ಸಲ ಸಹಿ ಹಾಕಿದ್ದೇನೆ, ನಾಲ್ಕು ಸಲವೂ "ಇದೊಂದೇ ಸಲ" ಎಂದು ನಿನಗೆ ಬರೆದಿದ್ದೇನೆ. ಈ ಆಟ ಉರ್ವದಲ್ಲಿ ಓಡಿದರೆ ಐದನೆಯ ಸಹಿ ಇಲ್ಲ. ಎಂಟು ಮೇಜುಗಳ ಜೊತೆ ಊರಿಗೇ ಬಂದುಬಿಡುತ್ತೇನೆ.

ಅದಕ್ಕೆ ನಿನ್ನಿಂದ ಒಂದು ಉಪಕಾರವಾಗಬೇಕು. ಈ ಆಟದಲ್ಲಿ ಒಳ್ಳೆಯದು ಏನು, ಕೆಟ್ಟದು ಏನು, ಎರಡನ್ನೂ ನೋಡಿ ನೋಡಿ ಬರೆ. ನಾನು ಐದು ವರ್ಷದಿಂದ ಈ ಗಾಜುಗಳನ್ನು ಒರೆಸಿದ್ದೇನೆ ಹೊರತು ಒಂದು ಗುಂಡು ಹೊಡೆದವನಲ್ಲ. ಆಡಿದ ಕೆಲಸದವನನ್ನು ಅಂದೇ ಮನೆಗೆ ಕಳಿಸುತ್ತಾರೆ. ನಮ್ಮ ಸೋಡಾ ಫ್ಯಾಕ್ಟರಿ ಮುಳುಗುವಾಗ ನಾನು ಆರ್ಡರು ಹಿಡಿಯಲು ಪುತ್ತೂರು, ಸುಳ್ಯ ಎಂದು ಅಲೆಯುತ್ತಿದ್ದೆ. ಅಮ್ಮನೂ ನೀನೂ "ಲಾಯ್ಕುಂಟು, ಲಾಯ್ಕುಂಟು" ಎಂದು, ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತ ನನ್ನ ಮನಸ್ಸು ನೋಯದ ಹಾಗೆ ನೋಡಿಕೊಂಡಿರಿ. ನೀರು ಮೂಗಿಗೆ ಬಂದ ಮೇಲೆ ನನಗೆ ಗೊತ್ತಾಯಿತು. ಈ ಸಲ ಹಾಗೆ ಬೇಡ. ನಿನ್ನ ಮಾತನ್ನು ನಂಬಿ ನಿಂತಿದ್ದೇನೆ.

ನಿನ್ನ,
ಮಹಾಬಲ


ಉರ್ವ, ಮಂಗಳೂರು
23 ಸೆಪ್ಟೆಂಬರ್ 1984

ಕುಶಲಾಳ ಅಪ್ಪನಿಗೆ ಹೇಮಾಕ್ಷಿಯ ನಮಸ್ಕಾರ.

ಪೆಟ್ಟಿಗೆ ಬಂತು. ಇಳಿಸಲು ಆರು ಜನ, ನೋಡಲು ಅರುವತ್ತು ಜನ. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಅವನೇ ಕೂತು ಬಂದಿದ್ರೆ ಟಿಕೆಟಾದ್ರೂ ಉಳೀತಿತ್ತು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಣ್ಣಗುಡ್ಡದಲ್ಲಿ ರೇಡಿಯೊ ರಿಪೇರಿ ಮಾಡುವ ಜೆರೋಮ್ ಬಂದು ವಯರು ಜೋಡಿಸಿಕೊಟ್ಟರು. ಪರದೆ ಬೆಳಗಿದಾಗ ಮೀನಿನ ಬುಟ್ಟಿ ಇಳಿಸದೆಯೇ ನಿಂತು ನೋಡಿದವರಿದ್ದಾರೆ.

ನೀವು ವಿಮಾನ, ಶತ್ರು ಎಂದೆಲ್ಲ ಬರೆದಿದ್ದಿರಿ. ಇಲ್ಲಿ ಅದನ್ನು ಯಾರೂ ಒಪ್ಪಲಿಲ್ಲ. ಇಪ್ಪತ್ತೇಳನೇ ನಂಬರ್ ಬಸ್ಸಿನ ಕಂಡಕ್ಟರ್ ದುಗ್ಗಪ್ಪಣ್ಣ ಬಗ್ಗಿ ನೋಡಿದವರೇ, "ಎಂತ ವಿಮಾನ ಮಾರಾಯ್ರೆ, ಇದು ಕೋಳಿ ಅಂಕ!" ಎಂದರು. ನೋಡಿದರೆ ಹೌದು. ರೆಕ್ಕೆ ಬಡಿಯುತ್ತ ಸಾಲಿನಲ್ಲಿ ನಿಲ್ಲುವುದು, ಒಂದೊಂದೇ ಕೆಳಗೆ ಎರಗುವುದು, ಎಲ್ಲ ಕಾದಾಟಕ್ಕೆ ಬಿಟ್ಟ ಹುಂಜದ್ದೇ ವರಸೆ. ಬಿಳಿಯದಕ್ಕೆ ಬೊಳ್ಳೆ, ಕೆಂಪಿನದಕ್ಕೆ ಕೆಮ್ಮೈರೆ ಎಂದು ಅಂಕದ ಹೆಸರುಗಳನ್ನೇ ಇಟ್ಟರು. ಈಗ ನಿಮ್ಮ ಬಹರೈನಿನ ಮಾಲಿಗೆ ಉರ್ವದಲ್ಲಿ ಕೋಳಿ ಮೇಜು ಎಂದೇ ಹೆಸರು.

ಒಳ್ಳೆಯದು ಕೇಳಿ. ಆಡಲು ಅಕ್ಷರ ಬೇಡ, ಭಾಷೆ ಬೇಡ. ಎದುರಿಗೆ ಬಂದದ್ದನ್ನು ಹೊಡೆ, ಮೇಲೆ ಬಿದ್ದದ್ದರಿಂದ ತಪ್ಪಿಸಿಕೋ, ಇಷ್ಟೇ. ಒಂದು ನಿಮಿಷದಲ್ಲಿ ಕಲಿಯಬಹುದು, ಪಳಗಲು ಒಂದು ತಿಂಗಳಾದರೂ ಸಾಲದು. ಕೋಳಿಗಳು ಕಡಿಮೆಯಾದ ಹಾಗೆ ಅದರ ಡಬ್ ಡಬ್ ಶಬ್ದ ಬೇಗ ಬೇಗ ಆಗುತ್ತದೆ, ಆಡುವವನ ಎದೆ ಬಡಿತವೂ ಅದರ ಜೊತೆ ಓಡುತ್ತದೆ. ಎದುರುಬದುರು ಎರಡು ಕುರ್ಚಿ, ಎರಡು ಬದಿಗೂ ಒಂದೊಂದು ಕೋಲು. ಒಬ್ಬನ ಸರದಿ ಮುಗಿದ ಕೂಡಲೇ ಚಿತ್ರ ಸುತ್ತ ತಿರುಗಿ ಇನ್ನೊಬ್ಬನ ಕಡೆ ಮುಖ ಮಾಡುತ್ತದೆ. ಕುಶಲಾಳಿಗೆ ಅದನ್ನು ನೋಡುವುದೇ ಒಂದು ಹಬ್ಬ.

ಕೆಟ್ಟದೂ ಇದೆ. ಗುಂಡು ಒಂದು ಹೊತ್ತಿಗೆ ಒಂದೇ. ಗುರಿ ತಪ್ಪಿದರೆ ಅದು ಮೇಲಿನ ಅಂಚಿಗೆ ಹೋಗಿ ಮುಗಿಯುವ ತನಕ ಇನ್ನೊಂದು ಹೊರಡುವುದಿಲ್ಲ. ಅಷ್ಟರಲ್ಲಿ ಕೋಳಿ ತಲೆಯ ಮೇಲಿರುತ್ತದೆ. ನಾವು ಪತ್ರ ಹಾಕಿ ಕಾಯುವ ಹಾಗೆ. ಕರೆಂಟು ಹೋದರೆ ದೊಡ್ಡ ಸ್ಕೋರುಗಳೆಲ್ಲ ಅಳಿಸಿ ಸೊನ್ನೆಯಾಗುತ್ತವೆ. ನಮ್ಮ ಕರೆಂಟಿನ ಗುಣ ನಿಮಗೆ ಗೊತ್ತೇ ಇದೆ. ದುಗ್ಗಪ್ಪಣ್ಣನ ಮೊದಲ ದಾಖಲೆ ಹೀಗೆ ಹೋದಾಗ ಅವರು ಊಟ ಬಿಟ್ಟರು. ಈಗ ಗೋಡೆಗೆ ಒಂದು ಸ್ಲೇಟು ತೂಗಿಸಿದ್ದೇನೆ, ಮೊದಲ ಮೂವರ ಸ್ಕೋರನ್ನು ಕುಶಲಾ ಅದರಲ್ಲಿ ಬರೆಯುತ್ತಾಳೆ.

ಒಟ್ಟಿನಲ್ಲಿ ಮಾರ್ಕೆಟಿಗೆ ಹುಚ್ಚು ಹಿಡಿದಿದೆ. ಮುಂದಿನ ವಾರ ನವರಾತ್ರಿ. ನನಗೂ ಒಂದು ಆಸೆ ಹುಟ್ಟಿದೆ ಎಂದು ಬರೆಯಲು ಅಡ್ಡಿಯಿಲ್ಲ.

ಇತಿ,
ಹೇಮಾಕ್ಷಿ


ಉರ್ವ
14 ಅಕ್ಟೋಬರ್ 1984

ಕುಶಲಾಳ ಅಪ್ಪನಿಗೆ ನಮಸ್ಕಾರ.

ನೀವು ಕೆಟ್ಟದನ್ನೂ ಬರೆ ಎಂದದ್ದಕ್ಕೆ ಬರೆಯುತ್ತೇನೆ. ಈ ಆಟದಲ್ಲಿ ಒಂದು ದೊಡ್ಡ ದೋಷ ಕಂಡುಬಂದಿದೆ. ವಿಮಾನ ಎಡಕ್ಕೆ ಹೋಗುವುದಿಲ್ಲ. ಕೋಲನ್ನು ಎಷ್ಟು ತಳ್ಳಿದರೂ ನಿಂತಲ್ಲೇ ನಿಲ್ಲುತ್ತದೆ, ಮನಸ್ಸು ಬಂದರೆ ಒಂದು ಅಂಗುಲ ಜಾರುತ್ತದೆ. ಬಲಕ್ಕೆ ಮಾತ್ರ ಸಲೀಸು. ಮೊದಲು ನಾವು ಗಮನಿಸಿರಲಿಲ್ಲವೋ ಏನೋ. ಹಳೆಯ ಆಟವಲ್ಲವೇ, ಹೀಗೆಯೇ ಇರಬಹುದು.

ಕೋಳಿಗಳು ಎಡದಿಂದ ಎರಗಿದರೆ ಸಾವೇ. ಜನ ಬಯ್ಯುತ್ತಾರೆ. ನಾಲ್ಕು ದಿನದಿಂದ ಮೇಜಿನ ಸುತ್ತ ಗುಂಪು ಕಡಿಮೆ. ಜೆರೋಮ್ ಪರದೆಯ ಕೆಳಗಿನ ವಯರುಗಳನ್ನೆಲ್ಲ ನೋಡಿ, "ಇಲ್ಲಿ ಎಂತದೂ ಹಾಳಾಗ್ಲಿಲ್ಲ" ಎಂದು ಹೋದರು. ಅತ್ತೆಯ ಮಂಡಿಗೆ ಮುಲಾಮು ಹಿಡಿಸಿದೆ. ಬೇರೆ ವಿಶೇಷವಿಲ್ಲ.

ಇತಿ,
ಹೇಮಾಕ್ಷಿ


ಮನಾಮ
2 ನವೆಂಬರ್ 1984

ಹೇಮಾಕ್ಷಿಗೆ,

ನಿನ್ನ ಮೊದಲ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹತ್ತು ದಿನ ತಿರುಗಿದೆ. ಕೋಳಿ ಮೇಜು ಎಂದದ್ದಕ್ಕೆ ಒಬ್ಬನೇ ನಕ್ಕು ನಕ್ಕು ಸಾಕಾಯಿತು. ಎರಡನೆಯ ಪತ್ರ ಬಂದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇಲ್ಲಿನ ಮೆಕ್ಯಾನಿಕ್ ತಲಶ್ಶೇರಿಯವನು. ಅವನಿಗೆ ಹೇಳಿದೆ. ಆ ಆಟಕ್ಕೆ ಅಂಥ ದೋಷವೇ ಇಲ್ಲ ಎಂದು ಅವನ ಮಾತು. ಗೋಡೌನಿಗೆ ಹೋಗಿ ಎಂಟೂ ಮೇಜುಗಳಿಗೆ ಕರೆಂಟು ಕೊಟ್ಟು ತೋರಿಸಿದ. ಎಂಟೂ ಎಡಕ್ಕೆ ಹೋಗುತ್ತವೆ. ಹಾಗಾದರೆ ಕಳಿಸಿದ ಒಂದೇ ಒಂದು ಯಾಕೆ ಹೋಗುವುದಿಲ್ಲ? ಹಡಗಿನಲ್ಲಿ ಪೆಟ್ಟು ಬಿದ್ದಿದ್ದರೆ ಮೊದಲ ದಿನವೇ ಗೊತ್ತಾಗಬೇಕಿತ್ತು. ಮೊದಲ ಪತ್ರದಲ್ಲಿ ನೀನು ಅದರ ಸುದ್ದಿಯನ್ನೇ ಎತ್ತಿಲ್ಲ. ನವರಾತ್ರಿಗೆ ಮೊದಲು ಒಂದು ಮಾತು, ನವರಾತ್ರಿ ಕಳೆದ ಮೇಲೆ ಇನ್ನೊಂದು ಮಾತು.

ನೀನು ಮೊದಲು ಬರೆದ ಆಸೆ ಯಾವುದು ಎಂದು ಬಾಯಿಬಿಟ್ಟು ಬರೆಯಲಿಲ್ಲ. ನಾನು ನನಗೆ ಬೇಕಾದ ಹಾಗೆ ಓದಿಕೊಂಡೆ. ಈಗ ಅದೂ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಇಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ, ಕ್ಷಮಿಸು.

ಸರಿಯಾಗಿ ನೋಡಿ ಬರೆ. ಯಜಮಾನ ದಿನಕ್ಕೆರಡು ಸಲ ಕೇಳುತ್ತಿದ್ದಾನೆ.

ನಿನ್ನ,
ಮಹಾಬಲ


ಉರ್ವ
27 ನವೆಂಬರ್ 1984

ಕುಶಲಾಳ ಅಪ್ಪನಿಗೆ ನಮಸ್ಕಾರ.

ಹೊಡೆದುಹಾಕಿದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. "ನಾನು ಬರುವುದು ನಿನಗೆ ಬೇಡವೇ" ಎಂದಿತ್ತು. ಹೊಡೆದುಹಾಕುವವರು ಗಟ್ಟಿಯಾಗಿ ಹೊಡೆಯಬೇಕು. ಅದಕ್ಕೆ ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದುಹಾಕಿದೆ, ಸಿಟ್ಟಿನಿಂದಲೋ ಬೇರೆ ಯಾವುದರಿಂದಲೋ. ಆದ್ದರಿಂದ ನೀವು ಹೇಳಿದ ಆಟದ ವಿಚಾರವನ್ನೇ ಬರೆಯುತ್ತೇನೆ.

ಆಟದ ಇನ್ನೊಂದು ದೊಡ್ಡ ದೋಷ, ಅದಕ್ಕೆ ಕೊನೆಯಿಲ್ಲ. ಎಲ್ಲ ಕೋಳಿ ಸತ್ತರೆ ಗೆದ್ದೆವು ಎಂದು ಒಂದು ಕ್ಷಣ ಅನಿಸುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವೇ ಕೋಳಿಗಳು ಅದೇ ಸಾಲಿನಲ್ಲಿ ಪುನಃ ಬರುತ್ತವೆ, ಮೊದಲಿಗಿಂತ ವೇಗವಾಗಿ. ಎಷ್ಟೇ ಚೆನ್ನಾಗಿ ಆಡಿದವನೂ ಕೊನೆಗೆ ಸೋತೇ ಏಳಬೇಕು. "ಸಾಕು, ನೀನು ಗೆದ್ದೆ, ಮನೆಗೆ ಹೋಗು" ಎಂದು ಆ ಪರದೆ ಯಾರಿಗೂ ಹೇಳುವುದಿಲ್ಲ. ಇದನ್ನು ಯಾರು ಮಾಡಿದರೋ, ಅವರ ಮನೆಯಲ್ಲಿ ಕಾಯುವವರು ಯಾರೂ ಇರಲಿಕ್ಕಿಲ್ಲ.

ಮತ್ತೊಂದು. ಬಟನಿನ ಪಕ್ಕ ಇಬ್ಬರ ಆಟ ಎಂದು ಬರೆದಿದೆ ಎಂದು ಜೆರೋಮ್ ಓದಿ ಹೇಳಿದರು. ಅದು ಶುದ್ಧ ಸುಳ್ಳು. ಒಬ್ಬರು ಆಡುವಾಗ ಇನ್ನೊಬ್ಬರು ಎದುರು ಕುರ್ಚಿಯಲ್ಲಿ ತಲೆಕೆಳಗಾದ ಚಿತ್ರ ನೋಡುತ್ತ ಸುಮ್ಮನೆ ಕೂರಬೇಕು. ಒಟ್ಟಿಗೆ ಆಡುವ ದಾರಿಯೇ ಇಲ್ಲ.

ಒಳ್ಳೆಯದನ್ನೂ ಬರೆಯದಿದ್ದರೆ ನಾನು ಬೇಕೆಂದೇ ದೂರು ಹುಡುಕುತ್ತೇನೆ ಎನ್ನುವಿರಿ. ಸ್ಲೇಟಿನಲ್ಲಿ ಎರಡು ವಾರದಿಂದ ಒಂದು ಹೊಸ ಸ್ಕೋರು ಎಲ್ಲಕ್ಕಿಂತ ಮೇಲಿದೆ. ವಿಮಾನ ಎಡಕ್ಕೆ ಹೋಗದಿದ್ದರೂ ಯಾರೋ ಹೊಡೆದಿದ್ದಾರೆ. ಹೆಸರಿಲ್ಲ, ಕುಶಲಾ ಅಲ್ಲಿ ಒಂದು ಗೊಂಡೆ ಹೂವಿನ ಚಿತ್ರ ಬರೆದಿದ್ದಾಳೆ. ದುಗ್ಗಪ್ಪಣ್ಣ ದಿನಾ ಬಂದು, "ಆ ಹೂವಿನ ಜನ ಯಾರು ಹೇಳಿ ಹೇಮಕ್ಕ, ನಾನು ಒಮ್ಮೆ ಮುಖ ನೋಡ್ಬೇಕು" ಎಂದು ಗೋಗರೆಯುತ್ತಾರೆ. ನನಗೆ ಗೊತ್ತಿಲ್ಲ ಎಂದಿದ್ದೇನೆ.

ಇತಿ,
ಹೇಮಾಕ್ಷಿ


ಮನಾಮ
8 ಜನವರಿ 1985

ಹೇಮಾಕ್ಷಿಗೆ,

ನಿನ್ನ ಪತ್ರವನ್ನು ಹಲವು ಸಲ ಓದಿದೆ. ಕೆಟ್ಟದ್ದು ಮೂರು ಪುಟ, ಒಳ್ಳೆಯದು ಎಂಟು ಸಾಲು. ನನ್ನ ಪ್ರಶ್ನೆಗೆ ಉತ್ತರ ಬರೆಯದೆ ಇದ್ದದ್ದೇ ಉತ್ತರ ಎಂದು ತಿಳಿದುಕೊಂಡೆ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ವರ್ಷ ಮನೆಯಲ್ಲಿ ಇಲ್ಲದವನು ತಟ್ಟನೆ ಬಂದು ಕೂತರೆ ಯಾರಿಗಾದರೂ ಇಕ್ಕಟ್ಟೇ.

ಸಹಿ ಹಾಕಲು ನಿರ್ಧರಿಸಿದ್ದೇನೆ. ಈ ತಿಂಗಳ ಮೂವತ್ತೊಂದರಂದು. ಎಡಕ್ಕೆ ಹೋಗದ ಆ ಮೇಜನ್ನು ಯಾರಾದರೂ ಕೇಳಿದರೆ ಕೊಟ್ಟುಬಿಡು. ಗಾಜು ಒಳ್ಳೆಯದು, ಬರೇ ಮೇಜಾಗಿಯಾದರೂ ಉಪಯೋಗವಾಗುತ್ತದೆ. ಕುಶಲಾಳಿಗೆ ನಾನು ಬರುತ್ತೇನೆ ಎಂದು ಹೇಳಿದ್ದರೆ, ಇಲ್ಲ ಎಂದು ಮೆಲ್ಲಗೆ ಹೇಳು.

ಮಹಾಬಲ


ಉರ್ವ
21 ಜನವರಿ 1985, ಸೋಮವಾರ ಸಂಜೆ

ಕುಶಲಾಳ ಅಪ್ಪನಿಗೆ,

ಈ ಪತ್ರಕ್ಕಿಂತ ಮೊದಲೇ ತಂತಿ ಕೈಸೇರಿರುತ್ತದೆ. "ಸಹಿ ಹಾಕಬೇಡಿ, ದೋಷ ಆಟದ್ದಲ್ಲ" ಎಂದು ಜೆರೋಮ್‌ನಿಂದ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದೆ. ನಿಮ್ಮ ಪತ್ರ ಇವತ್ತು ಬೆಳಿಗ್ಗೆ ಬಂತು. ಓದಿ ಅಂಗಡಿಯ ಬಾಗಿಲು ಹಾಕದೆಯೇ ಓಡಿದೆ. ಈಗ ಕೂತು ಎಲ್ಲ ಬರೆಯುತ್ತೇನೆ, ನಡುವೆ ನಿಲ್ಲಿಸಿದರೆ ಪುನಃ ಧೈರ್ಯ ಬರಲಿಕ್ಕಿಲ್ಲ.

ಆಯುಧಪೂಜೆಯ ದಿನ ಕಬ್ಬಿಣದ್ದು ಯಾವುದನ್ನೂ ಪೂಜೆಯಿಲ್ಲದೆ ಬಿಡುವ ಕ್ರಮ ನಮ್ಮಲ್ಲಿಲ್ಲ. ತಕ್ಕಡಿಗೆ ಮಾಡಿದೆ, ಲಿಂಬೆ ಹಿಂಡುವ ಒತ್ತಿಗೆಗೆ ಮಾಡಿದೆ, ಪಕ್ಕದ ವೆರೋನಿಕಾ ಬಾಯಿಯೇ ಕೇಳಿದರೆಂದು ಅವರ ಹೊಲಿಗೆ ಯಂತ್ರಕ್ಕೂ ಒಂದು ಹೂ ಇಟ್ಟೆ. ನಿಮ್ಮ ಮೇಜನ್ನು ಬಿಡುವುದುಂಟೇ? ಗಾಜು ತೊಳೆದೆ, ಗಂಧ ಹಚ್ಚಿದೆ, ಗೊಂಡೆ ಹೂವಿನ ಮಾಲೆ ಹಾಕಿದೆ. ಕಾಯಿ ಒಡೆದು, ಸ್ಕೂಟರಿಗೆ ಮಾಡುವ ಹಾಗೆ ಅದರ ನೀರನ್ನು ಮೇಲೆ ಹಾಕಿದೆ. ಬೇರೆಯವಕ್ಕೆಲ್ಲ ನಾಲ್ಕು ಹನಿ ಚಿಮುಕಿಸಿದ್ದೆ. ಮೇಜಿಗೆ ಮಾತ್ರ ಪೂರ್ತಿ ಕಾಯಿಯ ನೀರು ಸುರಿದೆ. ಯಾಕೆಂದರೆ ಇದು ಓಡಿದರೆ ನೀವು ಬರುತ್ತೀರಿ. ನನ್ನ ಆಸೆ ಯಾವುದು ಎಂದು ಕೇಳಿದ್ದಿರಲ್ಲ, ಅದೇ.

ಸ್ಕೂಟರಿನ ಮೇಲೆ ಬಿದ್ದ ನೀರು ರಸ್ತೆಗೆ ಹೋಗುತ್ತದೆ. ಮೇಜಿನ ಮೇಲೆ ಬಿದ್ದದ್ದು ಗಾಜಿನಿಂದ ಜಾರಿ ಕೋಲಿನ ಬುಡದ ತೂತಿಗೆ ಇಳಿಯಿತು. ಮರುದಿನದಿಂದ ವಿಮಾನ ಎಡಕ್ಕೆ ಹೋಗಲಿಲ್ಲ. ಎದುರು ಬದಿಯ ಕೋಲು ಸರಿಯಾಗಿಯೇ ಇತ್ತು. ಅದನ್ನೂ ನಿಮಗೆ ಬರೆಯಲಿಲ್ಲ. ಬರೆದರೆ ದೋಷ ಆಟದ್ದಲ್ಲ, ಹೆಂಡತಿಯದ್ದು ಎಂದು ನಿಮ್ಮ ಮೆಕ್ಯಾನಿಕ್ ಐದು ನಿಮಿಷದಲ್ಲಿ ಹೇಳುತ್ತಿದ್ದ. ಅಷ್ಟು ದೂರದಿಂದ ಕಳಿಸಿದ್ದನ್ನು ಹದಿನೈದು ದಿನದಲ್ಲಿ ಹಾಳು ಮಾಡಿದಳು ಎಂದಾಗುತ್ತದಲ್ಲ ಎಂದು ನಾಚಿಕೆಯಾಯಿತು. ಜೆರೋಮ್‌ಗೂ ಹೇಳಲಿಲ್ಲ. ಮೊದಲ ಸುಳ್ಳು ಸಣ್ಣದು, ಅದನ್ನು ಸಾಕಲು ಉಳಿದವು ಬೇಕಾದವು.

ಇನ್ನೂ ಒಂದನ್ನು ಬರೆಯದಿದ್ದರೆ ಈ ಪತ್ರವೂ ಅರ್ಧ ಸುಳ್ಳು. ನೀವು ಬಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಯಾರು ಕೂರುವುದು ಎಂಬ ಯೋಚನೆ ನನಗೆ ಒಂದೆರಡು ಸಲ ಬಂದದ್ದು ಹೌದು. ಎಂಟು ವರ್ಷ ಅಂಗಡಿ ನನ್ನದು, ಮಾತು ನನ್ನದು. ನೀವು ಇಕ್ಕಟ್ಟು ಎಂದು ಬರೆದದ್ದು ಪೂರ್ತಿ ತಪ್ಪಲ್ಲ. ಆದರೆ ಇಕ್ಕಟ್ಟಿನಲ್ಲಿ ಇಬ್ಬರು ಕೂರುವುದಕ್ಕೂ ಜಾಗವಿದೆ ಎಂದು ಒಬ್ಬಳೇ ಕೂತು ಕೂತು ಗೊತ್ತಾಗುವುದಿಲ್ಲ. ನೀವು ಬರುವುದು ನನಗೆ ಬೇಕು. ಹೊಡೆದುಹಾಕದೆ ಬರೆದಿದ್ದೇನೆ, ನೋಡಿ.

ಇವತ್ತು ತಂತಿ ಬರೆಸುವಾಗ ಜೆರೋಮ್‌ಗೆ ಕಾಯಿನೀರಿನ ಕಥೆ ಹೇಳಿದೆ. ಅವರು ನಗಲಿಲ್ಲ, ನೇರ ಬಂದು ಕೋಲನ್ನೇ ಬಿಚ್ಚಿದರು. ಒಳಗೆ ನೀರು ಒಣಗಿ ಬೆಲ್ಲದ ಪಾಕದಂತೆ ಅಂಟಾಗಿತ್ತು, ಇರುವೆಗಳು ಸಂಸಾರ ಹೂಡಿದ್ದವು. ಆಗ ನಕ್ಕರು. "ಎಂತ ಹೇಮಕ್ಕ, ಒಳಗೆ ಪಾಯಸ ಮಾಡಿದ್ದೀರಾ?" ಎಂದರು. ಸ್ಪಿರಿಟಿನಲ್ಲಿ ತೊಳೆದು ಜೋಡಿಸಿದರು. ಅರ್ಧ ಗಂಟೆ. ಮೂರೂವರೆ ತಿಂಗಳು ಬಾಯಿ ಮುಚ್ಚಿ ಕೂತದ್ದು ಅರ್ಧ ಗಂಟೆಯ ಕೆಲಸಕ್ಕೆ. ವಿಮಾನ ಎಡಕ್ಕೆ ಹೋದಾಗ ನನಗೆ ಅಳು ಬಂತು.

ಸ್ಲೇಟಿನ ಹೂವು ನಾನೇ. ಮಧ್ಯಾಹ್ನ ಎರಡರಿಂದ ನಾಲ್ಕು ಮಾರ್ಕೆಟು ಮಲಗುತ್ತದೆ. ಹಾಳು ಮಾಡಿದವಳು ನಾನು, ಸರಿ ಮಾಡಲಾಗದಿದ್ದರೆ ಆಡಿಯಾದರೂ ನೋಡೋಣ ಎಂದು ಕೂತೆ. ಕೂತವಳು ಏಳಲಿಲ್ಲ. ಎಡಕ್ಕೆ ಹೋಗಲಾಗದವಳು ಬಲಕ್ಕೆ ಹೋಗುತ್ತ ಹೋಗುತ್ತ ಒಂದು ದಿನ ಅಂಚನ್ನೂ ದಾಟಿಸಿಬಿಟ್ಟೆ. ವಿಮಾನ ಬಲದ ಅಂಚಿನಲ್ಲಿ ಮಾಯವಾಗಿ ಎಡದ ಅಂಚಿನಲ್ಲಿ ಬಂದು ನಿಂತಿತು! ಅದು ಯಾರಿಗೂ ಗೊತ್ತಿರಲಿಲ್ಲ. ಅಂಚು ಎಂದರೆ ಎಲ್ಲರಿಗೂ ಹೆದರಿಕೆ, ನಡುವಿನಲ್ಲೇ ಕುಣಿದು ಸಾಯುತ್ತಾರೆ. ಕೋಲು ಸರಿಯಿದ್ದಿದ್ದರೆ ನಾನೂ ಕಂಡುಹಿಡಿಯುತ್ತಿರಲಿಲ್ಲ. ಈ ಆಟದ ಎಲ್ಲಕ್ಕಿಂತ ದೊಡ್ಡ ಒಳ್ಳೆಯತನ ಅದೇ ಎಂದು ನನ್ನ ತೀರ್ಪು. ದೂರ ಹೋದವರಿಗೆ ತಿರುಗಿ ಬರುವ ದಾರಿ ಅದರಲ್ಲಿದೆ.

ಆಟ ಒಳ್ಳೆಯದು. ಬನ್ನಿ.

ಹೇಮಾಕ್ಷಿ


ಮನಾಮ
6 ಫೆಬ್ರವರಿ 1985

ಹೇಮಾಕ್ಷಿಗೆ,

ತಂತಿ ಇಪ್ಪತ್ತೆರಡರಂದು ಬಂತು. ಯಜಮಾನ ಲಂಡನ್ನಿಗೆ ಹೊರಟದ್ದರಿಂದ ನಮ್ಮನ್ನೆಲ್ಲ ಹತ್ತೊಂಬತ್ತಕ್ಕೇ ಕರೆಸಿದ್ದ. ಸಹಿ ಹಾಕಿ ಮೂರು ದಿನ ಆಗಿತ್ತು.

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಒಂದು ಕಾಯಿಯ ನೀರಿಗೆ ಎರಡು ವರ್ಷ! ಎರಡು ದಿನ ಅದನ್ನು ಹಾಸಿಗೆಯ ಅಡಿಗೆ ತಳ್ಳಿಟ್ಟೆ. ಮೂರನೆಯ ದಿನ ಗೋಡೌನಿಗೆ ಹೋಗಿ ಒಂದು ಹಳೆಯ ಮೇಜಿಗೆ ಕರೆಂಟು ಕೊಟ್ಟು ಕೂತೆ. ಐದು ವರ್ಷ ಒರೆಸಿದ ಗಾಜಿನ ಮೇಲೆ ಮೊದಲ ಸಲ ಮೊಣಕೈ ಇಟ್ಟೆ. ಮೂರು ಸಲ ಸತ್ತೆ. ನಾಲ್ಕನೆಯ ಸಲ ನೀನು ಹೇಳಿದ ಹಾಗೆ ಬಲಕ್ಕೆ ಹೋಗಿ ಹೋಗಿ ಅಂಚು ದಾಟಿಸಿದೆ. ವಿಮಾನ ಎಡದಲ್ಲಿ ಬಂತು. ತಲಶ್ಶೇರಿಯವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನಿಗೂ ಅದು ಗೊತ್ತಿರಲಿಲ್ಲ. ನಾನು ಆಡಿದ್ದನ್ನು ಯಾರಿಗೂ ಹೇಳಲಿಲ್ಲ, ಪುಣ್ಯಾತ್ಮ. ಉರ್ವ ಮಾರ್ಕೆಟಿನ ಶರಬತ್ತಿನ ಅಂಗಡಿಯ ನನ್ನ ಹೆಂಡತಿ ಕಂಡುಹಿಡಿದದ್ದು ಎಂದು ಅವನಿಗೆ ಎರಡೆರಡು ಸಲ ಹೇಳಿದೆ.

ಗಲ್ಲಾಪೆಟ್ಟಿಗೆಯ ವಿಷಯ ಬರೆದದ್ದು ಒಳ್ಳೆಯದಾಯಿತು. ನನಗೆ ಅಲ್ಲಿ ಕೂರಬೇಕೆಂದಿಲ್ಲ. ಗಾಜು ಒರೆಸಲು ನನಗೆ ಚೆನ್ನಾಗಿ ಬರುತ್ತದೆ.

ಕರಾರಿನಲ್ಲಿ ಒಂದು ಸಾಲು ಇದೆ. ಒಂದು ವರ್ಷ ಮುಗಿಸಿದವನು ತನ್ನ ಸ್ವಂತ ಟಿಕೆಟಿನಲ್ಲಿ ಬಿಟ್ಟು ಹೋಗಬಹುದು. ಹಾಗೆ ಹೋದವರನ್ನು ನಾನು ನೋಡಿಲ್ಲ. ಮಾರ್ಚ್ ಕೊನೆಗೆ ಗೋಡೌನು ಖಾಲಿ ಮಾಡುತ್ತಾರಂತೆ, ಎಂಟು ಮೇಜುಗಳನ್ನೂ ಗುಜರಿಗೆ ಹಾಕುತ್ತಾರೆ. ಹಾಕಲಿ. ಊರಿನಲ್ಲಿ ನಾನೇ ಇಲ್ಲದ ಮೇಲೆ ಅವು ಅಲ್ಲಿ ಯಾಕೆ?

ನಿನ್ನ,
ಮಹಾಬಲ


ಉರ್ವ
19 ಫೆಬ್ರವರಿ 1985

ಎದುರು ಕುರ್ಚಿಯವರಿಗೆ,

ಪತ್ರ ಓದಿ ಒಂದು ದಿನ ಅತ್ತೆ. ಅತ್ತೆಯವರೂ ಎದುರಿಗೆ ಕೂತು ಅತ್ತರು, ಯಾಕೆಂದು ಕೇಳದೆ. ಎರಡನೆಯ ದಿನ ಎದ್ದು ವೆರೋನಿಕಾ ಬಾಯಿಯ ಹತ್ತಿರ ಹೋದೆ. ಅವರು ಹೊಲಿಗೆ ಅಂಗಡಿ ಬಿಟ್ಟು ಮಗಳ ಮನೆಗೆ ಹೋಗುವವರಿದ್ದಾರೆ. ಅದು ಇನ್ನು ನನಗೆ. ನಡುವಿನ ಹಲಗೆ ತೆಗೆದರೆ ಒಂಬತ್ತು ಮೇಜು ಹಿಡಿಯುತ್ತದೆ, ಕುಶಲಾ ಹೆಜ್ಜೆ ಹಾಕಿ ಅಳೆದಿದ್ದಾಳೆ.

ಆದ್ದರಿಂದ ಗುಜರಿಗೆ ಬಿಡಬೇಡಿ. ಎಂಟನ್ನೂ ನನ್ನ ಹೆಸರಿಗೆ ಕಳಿಸಿ. "ನಾನೇ ಇಲ್ಲದ ಮೇಲೆ" ಎಂದು ಬರೆದಿದ್ದೀರಿ. ನಾನು ಇದ್ದೇನಲ್ಲ. ವಯರಿಗೆ ಜೆರೋಮ್ ಇದ್ದಾರೆ. ದುಗ್ಗಪ್ಪಣ್ಣನಿಗೆ ಹೂವು ನಾನೇ ಎಂದು ಹೇಳಿಯಾಯಿತು. ಸ್ಲೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೇಮಕ್ಕ, ನನಗೂ ಆ ಅಂಚಿನದ್ದು ಸ್ವಲ್ಪ ಹೇಳಿಕೊಡ್ತೀರಾ?" ಎಂದರು. ಸರದಿಯಲ್ಲಿ ನಿಲ್ಲಲು ಹೇಳಿದ್ದೇನೆ. ಈ ಸಲ ಆಯುಧಪೂಜೆಗೆ ಒಂಬತ್ತಕ್ಕೂ ಬರೇ ಹೂವು. ಕಾಯಿಯನ್ನು ರಸ್ತೆಯ ಆಚೆ ಬದಿಯಲ್ಲಿ ಒಡೆಯುತ್ತೇನೆ.

ಒಬ್ಬರು ಆಡುವಾಗ ಇನ್ನೊಬ್ಬರು ಕಾಯಬೇಕು, ಅದು ಈ ಆಟದ ದೋಷ ಎಂದು ನಾನು ದೂರಿದ್ದೆ. ಆಗ ನಾನು ನೋಡಿದ್ದು ಕಾಯುವ ಕುರ್ಚಿಯಿಂದ. ಎಂಟು ವರ್ಷ ನೀವು ಆಡಿದಿರಿ, ನಾನು ತಲೆಕೆಳಗಾದ ಚಿತ್ರ ನೋಡುತ್ತ ಕಾದೆ. ಈಗ ಚಿತ್ರ ನನ್ನ ಕಡೆಗೆ ತಿರುಗಿದೆ. ಒಂದು ವರ್ಷ ಮುಗಿಯುವ ದಿನಕ್ಕೆ ನಿಮ್ಮ ಟಿಕೆಟು ಇಲ್ಲಿಂದ ಬರುತ್ತದೆ. ಅಲ್ಲಿಯ ತನಕ ನೀವು ಕಾಯಿರಿ.

ನನ್ನ ಸರದಿ.

ನಿಮ್ಮ,
ಹೇಮಾಕ್ಷಿ